ನೀರು ಹಾಕಿದರೂ ‘ಒಣಗಿದೆ’ ಎನ್ನುವ ಸೆನ್ಸರ್

ಎರಡು ವಾರ ಸರಿಯಾಗಿದ್ದ ತೇವಾಂಶ ಸೆನ್ಸರ್ (ಮಣ್ಣಿಗೆ ಚುಚ್ಚುವ ಎರಡು ಲೋಹದ ಕಡ್ಡಿಗಳಿಂದ ಹಸಿಯನ್ನು ಅಳೆಯುವ ಸಾಧನ) ಈಗ ನಿಮ್ಮ ಶಾಲೆಯ ಕೈತೋಟಕ್ಕೆ ನೀರು ಹಾಕಿದ ಮೇಲೂ ‘ಒಣಗಿದೆ’ ಎಂದೇ ತೋರಿಸಲು ಕಾರಣ ಬಹುಮಟ್ಟಿಗೆ ಮಕ್ಕಳು ಬರೆದ ಪ್ರೋಗ್ರಾಮ್ ಅಲ್ಲ, ಸೆನ್ಸರಿನ ಕಡ್ಡಿ ಸವೆದಿರುವುದು. ಹಗಲಿರುಳು 5 ವೋಲ್ಟ್ ಪೂರೈಕೆ ಇದ್ದರೆ ಹಸಿ ಮಣ್ಣಿನಲ್ಲಿ ವಿದ್ಯುದ್ವಿಭಜನೆ (ವಿದ್ಯುತ್ ಹರಿದು ಆಗುವ ರಾಸಾಯನಿಕ ಬದಲಾವಣೆ) ನಡೆದು, ಧನ ಬದಿಯ ಕಡ್ಡಿಯ ಲೇಪವೂ ಅದರಡಿಯ ತಾಮ್ರವೂ ಕರಗುತ್ತವೆ. ಕಿತ್ತು ತೊಳೆದು ನೋಡಿ. ಒಂದೇ ಕಡ್ಡಿ ಹಸಿರುಗಟ್ಟಿ ಅಂಚು ತಿಂದುಹೋದಂತಿದ್ದರೆ ಅನುಮಾನ ಬೇಡ.

ಅದನ್ನು ಉಜ್ಜಿ ಪ್ರಯೋಜನವಿಲ್ಲ, ಹೊಸದನ್ನೇ ಹಾಕಬೇಕು. (ಹಳೆಯದನ್ನು ಎಸೆಯಬೇಡಿ, ವಿದ್ಯುದ್ವಿಭಜನೆಯ ಪಾಠಕ್ಕೆ ಒಳ್ಳೆಯ ಮಾದರಿಯಾಗುತ್ತದೆ.) ಬಳಿಕ, ಓದುವಾಗ ಮಾತ್ರ ಕಡ್ಡಿಗೆ ವಿದ್ಯುತ್ ಸಿಗುವಂತೆ, ಸೆನ್ಸರಿನ ವಿಸಿಸಿ (ವಿದ್ಯುತ್ ಪೂರೈಸುವ) ತಂತಿಯನ್ನು ಪ್ರೋಗ್ರಾಮ್ ನಡೆಸುವ ಪುಟ್ಟ ಬೋರ್ಡಾದ ಆರ್ಡುಯಿನೊದ 5 ವೋಲ್ಟ್ ಪಿನ್ನಿನಿಂದ ತೆಗೆದು 7ನೇ ಡಿಜಿಟಲ್ ಪಿನ್ನಿಗೆ ಜೋಡಿಸಿ, ಆ ಪಿನ್ನನ್ನು ಅರ್ಧ ಗಂಟೆಗೊಮ್ಮೆ ಹೈ (ಆನ್) ಮಾಡಿ, 100 ಮಿಲಿಸೆಕೆಂಡ್ ಕಾದು, ಸೆನ್ಸರ್ ಕೊಡುವ ಅನಲಾಗ್ ಅಂಕಿಯನ್ನು ಓದಿಕೊಂಡು ಕೂಡಲೇ ಲೋ (ಆಫ್) ಮಾಡುವಂತೆ ಪ್ರೋಗ್ರಾಮನ್ನು ಮಕ್ಕಳಿಂದಲೇ ತಿದ್ದಿಸಿ.

ಗದಗ ಭಾಗದ ಎರೆಮಣ್ಣಿನಲ್ಲಿ ಇನ್ನೊಂದು ತೊಡಕಿದೆ. ಅದು ಒಣಗುತ್ತ ಬಿರಿದು ಕಡ್ಡಿಯಿಂದ ಸರಿದುಬಿಡುವುದರಿಂದ, ಕೆಳಗೆ ಹಸಿಯಿದ್ದರೂ ಸೆನ್ಸರ್ ಬಿರುಕಿನ ಗಾಳಿಯನ್ನೇ ಅಳೆಯುತ್ತದೆ. ನೀವು ಕಳುಹಿಸಿದ ಚಿತ್ರದಲ್ಲಿ ಸೆನ್ಸರಿನ ಬುಡ ಕಾಣದ ಕಾರಣ ಅಲ್ಲಿ ಹೀಗಾಗಿದೆಯೇ ಎಂದು ಹೇಳಲಾರೆ. ಹೇಗೂ ಸುತ್ತಲಿನ ಮಣ್ಣನ್ನು ಒತ್ತಿ ಕೂರಿಸಿ. ಹಸಿ–ಒಣ ಬೇರ್ಪಡಿಸುವ ಮಿತಿಯ ಅಂಕಿಯನ್ನು ಇಂಟರ್ನೆಟ್ಟಿನಿಂದ ಎತ್ತಿಕೊಳ್ಳಬೇಡಿ. ಅದೇ ಪಾತಿಯ ಮಣ್ಣನ್ನು ಎರಡು ಡಬ್ಬಿಗಳಲ್ಲಿ ತುಂಬಿ, ಒಂದನ್ನು ಬಿಸಿಲಿಗೆ ಒಣಗಿಸಿ, ಇನ್ನೊಂದನ್ನು ಪೂರ್ತಿ ನೆನೆಸಿ, ಸೆನ್ಸರನ್ನು ಎರಡರಲ್ಲೂ ಚುಚ್ಚಿ, 0ರಿಂದ 1023ರೊಳಗೆ ಬರುವ ಎರಡೂ ಅಂಕಿಗಳನ್ನು ಮಕ್ಕಳು ಬರೆದುಕೊಂಡು ನಡುವಿನದನ್ನು ಮಿತಿಯಾಗಿಡಲಿ.

ವರ್ಷವಿಡೀ ಮಣ್ಣಲ್ಲೇ ಬಿಡುವುದಾದರೆ ಲೋಹ ಮಣ್ಣಿಗೆ ನೇರವಾಗಿ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಕೊಳ್ಳುವುದು ಮೇಲು. ಅದರ ತಲೆಭಾಗದ ಬಿಡಿಭಾಗಗಳಿಗೆ ಮಾತ್ರ ನೀರು ತಾಗಬಾರದು.