ಬೌಲರ್‌ಗೆ ತಾಗದಿದ್ದರೆ ನಾನ್-ಸ್ಟ್ರೈಕರ್ ಔಟಲ್ಲ

ಸ್ಟ್ರೈಟ್ ಡ್ರೈವ್ ಹೊಡೆದ ಚೆಂಡು ನೇರವಾಗಿ ಬೌಲರ್ ಕಡೆಯ ಸ್ಟಂಪಿಗೆ ಬಡಿಯಿತು, ನಾನ್-ಸ್ಟ್ರೈಕರ್ (ಬೌಲರ್ ಕಡೆ ನಿಂತ ಬ್ಯಾಟ್ಸ್‌ಮನ್) ಕ್ರೀಸ್ ಗೆರೆಯ ಹೊರಗಿದ್ದ, ಎದುರು ಕ್ಲಬ್ಬಿನವರು ಔಟ್ ಅಂತ ಜಗಳಕ್ಕೆ ನಿಂತರು, ಯಾರದು ಸರಿ ಅಂತ ಕೇಳಿದ್ದೀರಿ. ನಿಮ್ಮವರದೇ ಸರಿ, ನಾಟೌಟ್.

ಕ್ರಿಕೆಟ್ ನಿಯಮ ರೂಪಿಸುವ ಎಂಸಿಸಿಯ ನಿಯಮ 38ರ ಪ್ರಕಾರ ರನೌಟ್ ಆಗಬೇಕಾದರೆ ಬೇಲ್ಸ್ (ಸ್ಟಂಪ್ ಮೇಲಿನ ಚಿಕ್ಕ ಕಟ್ಟಿಗೆಗಳು) ಬೀಳುವ ಮೊದಲು ಚೆಂಡು ಯಾರಾದರೂ ಫೀಲ್ಡರ್‌ಗೆ ತಾಗಿರಬೇಕು. ಬೌಲರ್ ಕೂಡ ಫೀಲ್ಡರೇ. ಅವನ ಬೆರಳಿಗೋ ಶೂಗೋ ಸವರಿಕೊಂಡು ಹೋದರೂ ಸಾಕು, ಔಟ್. ಬೇಕಂತಲೇ ಮುಟ್ಟಬೇಕು ಅಂತೇನಿಲ್ಲ. ಬ್ಯಾಟ್ ಗೆರೆಯ ಮೇಲಿದ್ದರೂ ಔಟೇ, ಗೆರೆ ದಾಟಿ ಒಳಗಿರಬೇಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸ್ಟಂಪಿಗೆ ಬಡಿದ ಮಾತ್ರಕ್ಕೆ ಚೆಂಡು ಡೆಡ್ ಆಗಲ್ಲ, ಅಂದರೆ ಆಟ ನಿಲ್ಲಲ್ಲ. ನೀವು ರನ್ ಓಡಬಹುದು. ಚೆಂಡು ಒಮ್ಮೆಯೂ ನೆಲಕ್ಕೆ ಬೀಳುವ ಮೊದಲು ಮಿಡ್-ಆನ್ ಫೀಲ್ಡರ್ ಹಿಡಿದರೆ ಹೊಡೆದವನು ಕ್ಯಾಚ್ ಔಟ್! ಎರಡೂ ಬೇಲ್ಸ್ ಬಿದ್ದಿದ್ದರೆ, ಚೆಂಡು ಹಿಡಿದ ಕೈಯಿಂದಲೇ ಸ್ಟಂಪ್ ಕಿತ್ತು ರನೌಟ್ ಮಾಡಬಹುದು.

ಆದರೆ ಭಾನುವಾರದ ಮ್ಯಾಚಲ್ಲಿ ಅಂಪೈರ್ ಬ್ಯಾಟಿಂಗ್ ತಂಡದವನೇ ಅಲ್ವಾ? ಚೆಂಡು ಬೌಲರ್‌ಗೆ ತಾಗಿಲ್ಲ ಅಂತ ಅವನು ಹೇಳಿದರೆ ಎದುರಿನವರು ಎಲ್ಲಿ ನಂಬುತ್ತಾರೆ? ಟಾಸ್ ಹೊತ್ತಿಗೇ ಇಬ್ಬರು ಕ್ಯಾಪ್ಟನ್‌ಗಳು ಮಾತಾಡಿಕೊಳ್ಳಿ: ಅನುಮಾನ ಇದ್ದರೆ ನಾಟೌಟ್.