ಕಂಪನಿ ಡಿಜಿಟಲ್ ಆದರೆ ಪರಿಸರಕ್ಕೆ ನಿಜಕ್ಕೂ ಲಾಭವಿದೆಯೇ?

ಕೆಲಸವನ್ನೆಲ್ಲ ಕಂಪ್ಯೂಟರಿಗೆ ಏರಿಸಿದರೆ ಕಂಪನಿ ಪರಿಸರಸ್ನೇಹಿ ಆಗುತ್ತದೆಯೇ ಎಂದು ಕೇಳಿದ್ದೀರಿ. ತಾನಾಗಿಯಂತೂ ಆಗುವುದಿಲ್ಲ. ಕಾರ್ಖಾನೆಗಳ ವಿದ್ಯುತ್ ಲೆಕ್ಕ ನೋಡುವುದು ನನ್ನ ಕೆಲಸ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಕಾಗದದ ಉಳಿತಾಯ ಹೇಳಿಕೊಳ್ಳಲು ಚೆಂದ, ಅಷ್ಟೇ. ದೊಡ್ಡ ಪೋಲು ಇರುವುದು ಕಣ್ಣಿಗೆ ಬೀಳದ ಕಡೆ. ತಿಂಗಳಿಗೊಂದು ಕರೆಂಟ್ ಬಿಲ್ ನೋಡಿದರೆ ಯಾವ ಯಂತ್ರ ಎಷ್ಟು ನುಂಗಿತು ಎಂಬುದು ತಿಳಿಯುವುದಿಲ್ಲ. ಒಂದು ಕಾರ್ಖಾನೆಯಲ್ಲಿ ಯಂತ್ರಕ್ಕೊಂದು ಮೀಟರ್ ಕೂರಿಸಿ, 15 ನಿಮಿಷಕ್ಕೊಮ್ಮೆ ರೀಡಿಂಗ್ ಬರುವಂತೆ ಮಾಡಿದೆವು. ಮೊದಲ ರಜಾದಿನವೇ ಗುಟ್ಟು ಬಯಲಾಯಿತು. ಒಳಗೆ ನರಪಿಳ್ಳೆಯಿಲ್ಲ, ಏರ್ ಕಂಪ್ರೆಸರ್ ಮಾತ್ರ ಓಡುತ್ತಲೇ ಇದೆ! ಪೈಪಿನ ಜಾಯಿಂಟುಗಳಲ್ಲಿ ಸೋರಿದ ಗಾಳಿಯನ್ನು ತುಂಬುವುದೇ ಅದಕ್ಕೆ ಕೆಲಸ. ಸರಿಯಾಗಿ ನೋಡಿಕೊಳ್ಳದ ಕಡೆ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಹೀಗೆ ಸೋರಿಹೋಗುವುದು ಅಪರೂಪವೇನಲ್ಲ.

ಆದರೆ ಗ್ರಾಫ್ ಸೋರಿಕೆ ನಿಲ್ಲಿಸುವುದಿಲ್ಲ ನೋಡಿ. ಎರಡು ತಿಂಗಳು ಆ ಗೆರೆ ಎಲ್ಲರ ಕಣ್ಣೆದುರೇ ಹಾಗೇ ಇತ್ತು. ಬಿಲ್ ಕಟ್ಟುವುದು ಅಕೌಂಟ್ಸ್‌ನವರು, ಗಾಳಿ ಬಳಸುವುದು ಪ್ರೊಡಕ್ಷನ್‌ನವರು. ಉಳಿಸಬೇಕಾದವರು ಯಾರೂ ಅಲ್ಲ. ಕೊನೆಗೆ ಮೇಂಟೆನೆನ್ಸ್‌ನವರು ಸ್ಪ್ಯಾನರ್ ಹಿಡಿದು ಹೋದ ಮೇಲೆಯೇ ಗೆರೆ ಇಳಿದದ್ದು.

ಡಿಜಿಟಲ್ ವ್ಯವಸ್ಥೆಗೂ ಅದರದೇ ಹೊಟ್ಟೆಯಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು (ಸರ್ವರ್‌ಗಳನ್ನು ತುಂಬಿಟ್ಟ ಕಟ್ಟಡಗಳು) ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ ಬಳಸಿದವು, ಅಂದರೆ ಜಗತ್ತಿನ ಒಟ್ಟು ಬಳಕೆಯ ಶೇ. 1.5ರಷ್ಟು. ಡೇಟಾ ಸೆಂಟರ್ ತಂಪಾಗಿಡಲು ಬೇಕಾದ ವಿದ್ಯುತ್ತನ್ನು ತನ್ನದೇ ಸಂಸ್ಥೆ ಡೀಪ್‌ಮೈಂಡ್‌ನ ಕೃತಕ ಬುದ್ಧಿಮತ್ತೆಯಿಂದ ಶೇ. 40ರವರೆಗೆ ಇಳಿಸಿದ್ದಾಗಿ ಗೂಗಲ್ 2016ರಲ್ಲಿ ಹೇಳಿತ್ತು. ಅದೇ ಗೂಗಲ್‌ನ ಸ್ವಂತ ವರದಿಯಲ್ಲಿ 2023ರ ಇಂಗಾಲದ ಲೆಕ್ಕ 2019ಕ್ಕಿಂತ ಶೇ. 48 ಮೇಲಿತ್ತು. ದಕ್ಷತೆ ಹೆಚ್ಚಿದಂತೆ ಬಳಕೆಯೂ ಹಿಗ್ಗುವುದು ಹೊಸತಲ್ಲ; ಕಲ್ಲಿದ್ದಲಿನ ವಿಷಯದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಇದನ್ನು 1865ರಲ್ಲೇ ತೋರಿಸಿದ್ದ. ಇ-ತ್ಯಾಜ್ಯದ ಕಥೆ ಬೇರೆ: 2022ರಲ್ಲಿ ಜಗತ್ತಿನಾದ್ಯಂತ 6.2 ಕೋಟಿ ಟನ್, ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕೂ ಕಡಿಮೆ.

ಹಾಗಂತ ಮೀಟರ್ ಬೇಡ ಎನ್ನುತ್ತಿಲ್ಲ. ಅದಿಲ್ಲದೆ ನಾವು ಆ ಕಂಪ್ರೆಸರನ್ನು ಹಿಡಿಯುತ್ತಲೇ ಇರಲಿಲ್ಲ. ನಿಮ್ಮ ಕಂಪನಿಯ ವರದಿ ಕೈಗೆ ಸಿಕ್ಕರೆ, ‘ಒಂದು ಉತ್ಪನ್ನಕ್ಕೆ ಇಷ್ಟು ಇಳಿಯಿತು’ ಎಂಬ ಸಾಲು ದಾಟಿ ಒಟ್ಟು ಎಷ್ಟಾಯಿತು ಎಂದು ಹುಡುಕಿ. ಸರ್ವರ್‌ಗಳು ಕ್ಲೌಡ್‌ಗೆ, ಅಂದರೆ ಬೇರೆ ಕಂಪನಿಯ ಡೇಟಾ ಸೆಂಟರ್‌ಗೆ ಹೋಗಿದ್ದರೆ ‘ಸ್ಕೋಪ್ 3’ರ ಪುಟವನ್ನೂ ತೆರೆಯಿರಿ; ಕೊಂಡ ಸರಕು, ಸೇವೆಗಳಂಥವುಗಳಿಂದ ಕಂಪನಿಯ ಹೊರಗೆ ಹೊಮ್ಮುವ ಇಂಗಾಲದ ಲೆಕ್ಕ ಅದು. ಕರೆಂಟ್ ಬಿಲ್‌ನಿಂದ ಮಾಯವಾದ ಯೂನಿಟ್‌ಗಳ ಇಂಗಾಲ ಕಾಣಬೇಕಾದದ್ದು ಅಲ್ಲಿ.