ತೊಯ್ದ ಹಲಗೆಗೆ ಕೋಟ್ ಬೇಡ

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಮಾಳಿಗೆ ಮೇಲೆ ಸಾಗವಾನಿ ಹಲಗೆ ಹಾಸಿ ಡೆಕ್ (ಕಟ್ಟಿಗೆಯ ನೆಲ) ಮಾಡಿಸಿದ್ದೇವೆ. ಮೇ ಕೊನೆಗೆ ಕಟ್ಟಿಗೆಗೆ ಬಣ್ಣ ಕೊಡುವ ಸ್ಟೇನ್ ಹಚ್ಚಿಸಿ ಮೇಲೆ ಕ್ಲಿಯರ್ ವಾರ್ನಿಶ್ ಹೊಡೆಸಿದೆವು. ಹಿಂದಿನ ಸಂಜೆ ಅಡ್ಡಮಳೆ ಬಂದಿತ್ತು. ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು, ಹಲಗೆ ಒಣಗಿದೆ ಅಂದುಕೊಂಡೆವು. ಈಗ ಅಲ್ಲಲ್ಲಿ ಬಿಳಿಚಿದೆ, ಅಂಚಿನಲ್ಲಿ ವಾರ್ನಿಶ್ ಪದರು ಏಳುತ್ತಿದೆ, ಸ್ಕ್ರೂ ಸುತ್ತ ಕಪ್ಪು ಕಲೆ ಬಿದ್ದಿದೆ. ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಇನ್ನೊಂದು ಕೋಟ್ ಹೊಡೆಸಿದರೆ ಸರಿಹೋದೀತಾ? ಅಲ್ಲಿವರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಡೋಣವೇ? (ಓದುಗರು, ಧಾರವಾಡ)

ಉತ್ತರ: ಅಕ್ಕಾ, ಇನ್ನೊಂದು ಕೋಟ್ ಬೇಡವೇ ಬೇಡ. ಪ್ಲಾಸ್ಟಿಕ್ ಹಾಳೆಯಂತೂ ಹತ್ತಿರವೂ ತರಬೇಡಿ. ನಿಮ್ಮ ಸಾಗವಾನಿ ಕೆಟ್ಟಿಲ್ಲ, ಕೆಟ್ಟಿರುವುದು ಮೇಲಿನ ಪದರು ಮಾತ್ರ. ಈಗ ಅವಸರ ಮಾಡಿದರೆ ಕಟ್ಟಿಗೆಗೂ ಪೆಟ್ಟು ಬೀಳುತ್ತದೆ.

ಮಳೆ ನಿಂತ ಮೇಲೆ ಹಲಗೆಯ ಮುಖ ಒಂದೆರಡು ತಾಸಿನಲ್ಲಿ ಒಣಗುತ್ತದೆ. ಒಳಗಿನ ನೀರು ಅಷ್ಟು ಬೇಗ ಹೋಗುವುದಿಲ್ಲ. ಅದರ ಮೇಲೆ ವಾರ್ನಿಶ್ ಬಳಿದರೆ ಮೈ ಒರೆಸಿಕೊಳ್ಳದೆ ರೇನ್‌ಕೋಟ್ ತೊಟ್ಟಂತೆ. ಬಿಸಿಲು ಬಿದ್ದಾಗ ಆ ನೀರು ಆವಿಯಾಗಿ ಮೇಲೆ ಬರುತ್ತದೆ, ದಾರಿ ಸಿಗದೆ ಪದರನ್ನೇ ತಳ್ಳುತ್ತದೆ. ನಿಮಗೆ ಕಾಣುತ್ತಿರುವ ಬಿಳುಪು ಅದೇ. ಒಮ್ಮೆ ಅಂಚು ಎದ್ದಿತೆಂದರೆ ಆ ಸಂದಿಯಿಂದ ಮತ್ತೆ ಮಳೆ ನೀರು ಒಳಗೆ ಹೋಗುತ್ತದೆ.

ಹಲಗೆಯ ತುದಿಯನ್ನು ಒಮ್ಮೆ ಬಗ್ಗಿ ನೋಡಿ. ಗರಗಸ ಕೊಯ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಕಾಣುತ್ತವೆ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಏರಿದ ಕೊಳವೆಗಳು ಅವು. ಹಲಗೆಯ ಮುಖ ಹೀರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೀರನ್ನು ಈ ತುದಿ ಹೀರುತ್ತದೆ. ನಾನು ಹುಬ್ಬಳ್ಳಿ, ಧಾರವಾಡದಲ್ಲಿ ಪಾಲಿಶ್ ಕೆಲಸ ಮಾಡುತ್ತ ಬಂದವನು. ಮುಖಕ್ಕೆ ಮೂರು ಕೋಟ್ ಹೊಡೆದು ತುದಿಯನ್ನು ಹಾಗೇ ಬಿಟ್ಟ ಕೆಲಸ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಪದರು ಏಳುವುದು ಬಹುತೇಕ ಅಲ್ಲಿಂದಲೇ ಶುರು.

ಈಗ ಮಾಡಬೇಕಾದದ್ದು ಕಡಿಮೆ. ಮಳೆ ಬಿಟ್ಟ ದಿನ, ಎದ್ದಿರುವ ಪದರನ್ನಷ್ಟೇ ಮೆಲ್ಲಗೆ ಕೆರೆದು ತೆಗೆಯಿರಿ. ಹಲಗೆ ಸಂದಿಯಲ್ಲಿ ಸಿಕ್ಕ ಎಲೆ, ಮಣ್ಣು ತೆಗೆದು ನೀರು ಇಳಿಯಲು ಬಿಡಿ. ಸಂದಿ ಮೂರರಿಂದ ಐದು ಮಿಲಿಮೀಟರ್ ಇದ್ದರೆ ಸಾಕು. ಹಲಗೆ ಕೆಳಗೆ ಗಾಳಿ ಆಡುತ್ತಿದೆಯೇ ನೋಡಿ. ನಮ್ಮ ಕಡೆ ಹಳೆ ಮನೆಗಳ ಪಡಸಾಲೆ ಕಂಬಗಳ ಬುಡಕ್ಕೆ ಕಲ್ಲು ಇಟ್ಟಿರುತ್ತಾರಲ್ಲ, ಕಟ್ಟಿಗೆಗೆ ನೆಲದ ಹಸಿ ತಾಗಬಾರದು ಅಂತ. ಡೆಕ್ಕಿಗೂ ಅದೇ ಬೇಕು. ನೀರು ನಿಂತ ಮಾಳಿಗೆ ಮೇಲೆ, ಹಲಗೆ ಹೊತ್ತ ರೀಪು ನೇರವಾಗಿ ಕೂತಿದ್ದರೆ ಮೇಲೆ ಏನು ಹಚ್ಚಿದರೂ ಉಪಯೋಗವಿಲ್ಲ.

ಮಳೆ ತಡೆಯಲೇಬೇಕು ಅನ್ನಿಸಿದರೆ ತಾಡಪಾಲನ್ನು ಎತ್ತರಕ್ಕೆ, ಇಳಿಜಾರಾಗಿ ಕಟ್ಟಿಸಿ. ನಾಲ್ಕೂ ಕಡೆ ಗಾಳಿಗೆ ಬಿಡಿ. ಹಲಗೆ ಮೇಲೆಯೇ ಹಾಸಿದರೆ ಒಳಗಿನ ಥಂಡಿ ಅಲ್ಲೇ ಉಳಿದು ಬೂಸ್ಟು ಹಿಡಿಯುತ್ತದೆ.

ಬರಿ ಹಲಗೆ ಬೂದು ಬಣ್ಣಕ್ಕೆ ತಿರುಗಬಹುದು. ಹೆದರಬೇಡಿ. ಬಿಸಿಲು ಮಳೆಗೆ ಮೇಲಿನ ತೆಳು ಪದರವಷ್ಟೇ ಹಾಗಾಗುತ್ತದೆ, ಉಜ್ಜಿದರೆ ಕೆಳಗೆ ಮೊದಲಿನ ಬಣ್ಣ ಇರುತ್ತದೆ. ಸಾಗವಾನಿ ಒಂದು ಮಳೆಗಾಲ ಬರಿ ಮೈಯಲ್ಲಿ ಕಳೆದರೆ ಏನೂ ಆಗುವುದಿಲ್ಲ. ನೀರನ್ನು ಒಳಗೆ ಕೂಡಿಹಾಕಿದರೇ ಕಷ್ಟ.

ಕೆಲಸ ಶುರು ಮಾಡುವುದು ಸ್ವಾತಿ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್ ಮೊದಲ ವಾರದ ನಂತರ. ಹುಬ್ಬಳ್ಳಿಯವರು ಸ್ವಲ್ಪ ಮೊದಲೇ ಶುರು ಮಾಡಿಯಾರು. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ವಾ, ನೀವು ಕಾಯಿರಿ. ಕೆಲಸಕ್ಕೆ ಮೊದಲು ಮಾಯಿಶ್ಚರ್ ಮೀಟರ್ ಇರುವ ಬಡಿಗೇರರನ್ನೋ ಇಂಟೀರಿಯರ್ ಕೆಲಸದವರನ್ನೋ ಕರೆಸಿ. ಅದರ ಎರಡು ಮುಳ್ಳು ಕಟ್ಟಿಗೆಗೆ ಚುಚ್ಚಿದರೆ ಒಳಗಿನ ತೇವ ಎಷ್ಟೆಂದು ಅಂಕಿ ತೋರಿಸುತ್ತದೆ. ಶೇಕಡಾ 15ಕ್ಕಿಂತ ಕೆಳಗಿರಬೇಕು. ಬಿಸಿಲು ಬೀಳುವ ಮುಖದಲ್ಲಷ್ಟೇ ಅಲ್ಲ, ನೆರಳಿನ ಮೂಲೆಯಲ್ಲೂ ತುದಿಯಲ್ಲೂ ಚುಚ್ಚಿಸಿ ನೋಡಿ.

ಹಳೆ ವಾರ್ನಿಶ್ ಪೂರ್ತಿ ತೆಗೆಸಿ 80 ನಂಬರಿನ ಸ್ಯಾಂಡ್ ಪೇಪರ್ ಹೊಡೆಸಿ. ಕನ್ನಡಿಯಂತೆ ನಯ ಮಾಡಿಸಬೇಡಿ, ಜಾಸ್ತಿ ನಯವಾದರೆ ಕಟ್ಟಿಗೆ ಎಣ್ಣೆ ಕುಡಿಯುವುದಿಲ್ಲ. ಆಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಹರಡಿ ಒಳಗೆ ಇಳಿದರೆ ಹಲಗೆ ತಯಾರಾಗಿದೆ. ಗುಂಡಗೆ ಮೇಲೆಯೇ ನಿಂತರೆ ಹಳೆ ವಾರ್ನಿಶ್ ಇನ್ನೂ ಉಳಿದಿದೆ, ಮತ್ತೆ ಉಜ್ಜಿಸಿ. ಈ ನೀರು ಪೂರ್ತಿ ಆರಿದ ಮೇಲೆಯೇ ಮುಂದಿನ ಕೆಲಸ.

ಸ್ಕ್ರೂ ಸುತ್ತಲಿನ ಕಪ್ಪು, ಕಬ್ಬಿಣವೂ ಕಟ್ಟಿಗೆಯ ಒಗರಿನ ಅಂಶವೂ ಹಸಿಯಲ್ಲಿ ಕೂಡಿ ಆದದ್ದು. ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಲ್ಲಿ ಕರಗಿಸಿ ಹಚ್ಚಿದರೆ ಹೋಗುತ್ತದೆ. ಅದು ವಿಷ. ಕೈಗವಸು, ಕನ್ನಡಕ ಹಾಕಿಕೊಳ್ಳಬೇಕು, ಮಕ್ಕಳನ್ನು ದೂರ ಇಡಬೇಕು, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು. ಸ್ಕ್ರೂ ಬದಲಿಸಿ ಸ್ಟೇನ್‌ಲೆಸ್ ಸ್ಟೀಲಿನವು ಹಾಕಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ಕಲೆ.

ಈ ಸಲ ವಾರ್ನಿಶ್ ಬಿಡಿ. ಹೊರಗಿನ ಕಟ್ಟಿಗೆಗೆ ಅಂತಲೇ ಬರುವ, ಒಳಗೆ ಇಂಗುವ ಡೆಕ್ ಎಣ್ಣೆ ಅಥವಾ ಆಯಿಲ್ ಸ್ಟೇನ್ ತೆಗೆದುಕೊಳ್ಳಿ. ಮೇಲೆ ಪದರು ಕಟ್ಟದ್ದರಿಂದ ಅದು ಸುಲಿಯುವುದಿಲ್ಲ, ಮಾಸುತ್ತದೆ ಅಷ್ಟೇ. ಸ್ವಲ್ಪ ಬಣ್ಣ ಇರುವುದೇ ಒಳ್ಳೆಯದು, ಬಿಸಿಲು ತಡೆಯುವುದು ಆ ಬಣ್ಣವೇ. ಬೆಳಗಿನ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಗೆ ಹಚ್ಚಲು ಶುರು ಮಾಡಿ, ಮೂರಕ್ಕೆ ನಿಲ್ಲಿಸಿ. ಹಲಗೆ ಸುಡುತ್ತಿದ್ದರೆ ನೆರಳು ಬಂದ ಕಡೆಗೆ ಹೋಗಿ. ತೆಳುವಾಗಿ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಉಳಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಬಿಡಿ. ಒರೆಸದಿದ್ದರೆ ಕಾಲಿಗೆ ಅಂಟುತ್ತದೆ. ತುದಿಗಳು ಕುಡಿದಷ್ಟೂ ಕುಡಿಸಿ.

ನಡುವೆ ಅಕಸ್ಮಾತ್ ಮಳೆ ಬಂದರೆ ಕೆಲಸ ಬಿಟ್ಟುಬಿಡಿ. ಒದ್ದೆ ಎಣ್ಣೆಯನ್ನು ಉಜ್ಜಬೇಡಿ, ನೀರಿನ ಹನಿಯನ್ನು ಬಟ್ಟೆ ಒತ್ತಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಕಲೆ ಬಿದ್ದ ಜಾಗ ಹಗುರಾಗಿ ಉಜ್ಜಿ ಮತ್ತೆ ಹಚ್ಚಬಹುದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮುಂಬಾಗಿಲು ಉಬ್ಬಿ ಬಿಗಿಯಾಗುತ್ತದೆ. ಕೆರೆದು ಸಣ್ಣ ಮಾಡಿಸಲೇ? (ಓದುಗರು, ಹಾವೇರಿ)

ಉತ್ತರ: ಈಗ ಬೇಡ ಅಣ್ಣಾ. ಈಗ ಕೆರೆಸಿದರೆ ಬೇಸಿಗೆಯಲ್ಲಿ ಸಂದಿ ಬೀಳುತ್ತದೆ. ಬಾಗಿಲಿನ ಮೇಲಿನ ಅಂಚು, ಕೆಳಗಿನ ಅಂಚು ಮುಟ್ಟಿ ನೋಡಿ. ಬಹಳ ಮನೆಗಳಲ್ಲಿ ಅಲ್ಲಿ ಬಣ್ಣವೇ ಇರುವುದಿಲ್ಲ. ಚಳಿಗಾಲದಲ್ಲಿ ಬಾಗಿಲು ಇಳಿಸಿ ಆ ಎರಡು ಅಂಚಿಗೂ ತೇವ ತಡೆಯುವ ಸೀಲರ್ ಹಚ್ಚಿಸಿ.

ಪ್ರಶ್ನೆ: ಮನೆಯಲ್ಲಿ ಗಾಣದ ಅಗಸೆ ಎಣ್ಣೆ ಇದೆ. ಅಂಗಳದ ಬೆಂಚಿಗೆ ಅದನ್ನೇ ಹಚ್ಚಬಹುದೇ? (ಓದುಗರು, ಗದಗ)

ಉತ್ತರ: ಅಗಸೆ ಎಣ್ಣೆ ಕಟ್ಟಿಗೆಗೆ ಒಳ್ಳೆಯದೇ, ಆದರೆ ಹಸಿ ಎಣ್ಣೆ ಒಣಗಲು ವಾರಗಳೇ ಬೇಕು. ಮಳೆಗಾಲದ ಥಂಡಿಯಲ್ಲಿ ಇನ್ನೂ ಜಾಸ್ತಿ. ಅಲ್ಲಿವರೆಗೆ ಧೂಳು ಹಿಡಿದು, ಬೂಸ್ಟು ಬಂದು ಬೆಂಚು ಕಪ್ಪಾಗುತ್ತದೆ. ಮನೆಯೊಳಗಿನ ಮಣೆಗೆ ಬೇಸಿಗೆಯಲ್ಲಿ ತೆಳುವಾಗಿ ಹಚ್ಚಿ ಒರೆಸಿ. ಅಂಗಳದ ಬೆಂಚಿಗೆ ಮೇಲೆ ಹೇಳಿದ ಹೊರಗಿನ ಎಣ್ಣೆಯೇ ಸರಿ.

ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಒಗೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾಗಿದ್ದರೆ ಆ ಬಿಸಿ ಒಳಗೇ ಏರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಒಂದೊಂದಾಗಿ ಹರವಿ, ಗಟ್ಟಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ. ಡೆಕ್ ಮಾಡಿಸುವ ಧಾರವಾಡದ ಅಕ್ಕನವರಿಗೂ ಈ ಮಾತು ಅನ್ವಯಿಸುತ್ತದೆ.